ಪೊರಕೆಯ ಕೆಲಸ, ಗಾರೆಯ ಕೆಲಸ

ಸಾಣಾಪುರದ ನಮ್ಮ ಹಿರಿಯರ ಮನೆ ಚೆಲುವಾದ ಮನೆಯೆಂದು ನನಗೆ ಗೊತ್ತಾದದ್ದು ನನ್ನ ಅರವತ್ತೇಳನೆಯ ವಯಸ್ಸಿನಲ್ಲಿ. ಅದೂ ಆ ಮನೆಯನ್ನು ಮಾರಿಬಿಡುವುದೆಂದು ಅಣ್ಣತಮ್ಮಂದಿರು ಸೇರಿ ನಿಶ್ಚಯಿಸಿದ ಮೇಲೆ. ನಾನು ಹುಟ್ಟಿದ್ದು ಅದರ ನಡುಮನೆಯಲ್ಲಿ. ಮೊಣಕಾಲು ಒಡೆದುಕೊಂಡದ್ದು ಅದರ ಕಟ್ಟೆಯ ಮೇಲೆ. ಆದರೂ ಮೊನ್ನೆ ನನ್ನ ಸೋದರಳಿಯ ಹೊಸಪೇಟೆಯ ನಮ್ಮ ಮನೆಗೆ ಬಂದು, ತಾನು ತೆಗೆದ ಪಟಗಳನ್ನು ತೋರಿಸಿದಾಗ, ಇದು ಯಾರ ಮನೆಯಪ್ಪಾ ಎಂದು ಒಂದು ಗಳಿಗೆ ತಬ್ಬಿಬ್ಬಾದೆ. ಕಲ್ಲಿನ ಗೋಡೆ ಬೆಣ್ಣೆಯ ಹಾಗೆ ಹೊಳೆಯುತ್ತಿತ್ತು. ಹಿಂದೆ ಬಂಡೆಗಳ ಗುಡ್ಡ. ಅದರ ಮೇಲೆ ನೀಲಿ ಆಕಾಶ. ಆಕಾಶದಲ್ಲಿ ಹತ್ತಿಯ ಹಿಂಜಿನಂತಹ ಬಿಳಿಯ ಮೋಡ.

"ಎಷ್ಟು ಹೊತ್ತು ಹಿಡಿಯಿತಪ್ಪಾ, ಇಷ್ಟೆಲ್ಲ ತಿದ್ದುವುದಕ್ಕೆ?" ಎಂದು ಕೇಳಿದೆ.

"ಅತ್ತೆ ಕಾಫಿ ಕೊಟ್ಟರಲ್ಲ, ಅದು ಆರುವಷ್ಟರಲ್ಲಿ ನಲವತ್ತೂ ಮುಗಿದುವು ಮಾವ," ಎಂದ.

ಆ ಕಾಫಿಯ ಕಥೆಯಿಂದ ಹುಟ್ಟಿದ ಯೋಚನೆಗಳನ್ನು ವಾಚಕರ ಮುಂದೆ ಇಡುತ್ತೇನೆ. ಇದರಲ್ಲಿ ನನ್ನದೂ ಒಂದು ಸಣ್ಣ ತಪ್ಪಿದೆ; ಅದನ್ನೂ ಮುಚ್ಚದೆ ಹೇಳುತ್ತೇನೆ.

ನಮ್ಮ ಕಾಲದಲ್ಲಿ ಪಟ ತೆಗೆಯುವವನು ಮದುವೆಗೆ ಬರುತ್ತಿದ್ದ, ನಾಮಕರಣಕ್ಕೆ ಬರುತ್ತಿದ್ದ. ಮನೆಯ ಪಟ ತೆಗೆಯಲು ಯಾರೂ ಅವನನ್ನು ಕರೆಯುತ್ತಿರಲಿಲ್ಲ. ಮನೆ ಕೊಳ್ಳುವವನು ಬಂದು, ಗೋಡೆ ತಟ್ಟಿ, ಬಾವಿಯ ನೀರು ಕುಡಿದು, ಆಮೇಲೆ ಬೆಲೆಯ ಮಾತೆತ್ತುತ್ತಿದ್ದ. ಈಗ ಹಾಗಲ್ಲ. ಕೊಳ್ಳುವವನು ಮೊದಲು ನೋಡುವುದು ಪಟವನ್ನು. ಪಟ ಹಿಡಿಸದಿದ್ದರೆ ಅವನು ಊರಿಗೇ ಬರುವುದಿಲ್ಲ. ಸಾಣಾಪುರದಂತಹ ಊರಿನಲ್ಲಂತೂ ಇದು ದೊಡ್ಡ ಮಾತಾಗಿದೆ. ತುಂಗಭದ್ರೆಯ ಆಚೆಗೆ ಹಂಪಿ. 1986ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಈಚೆಗೆ ಆನೆಗೊಂದಿ, ಅಂಜನಾದ್ರಿ, ನಮ್ಮ ಸಾಣಾಪುರ. ಎಡದಂಡೆಯ ಕಾಲುವೆಯ ನೀರು ಬಂದು ನಿಲ್ಲುವ ಕೆರೆ, ಅದರಲ್ಲಿ ಹರಿಗೋಲು, ಸುತ್ತ ಭತ್ತದ ಗದ್ದೆ, ಬಾಳೆಯ ತೋಟ. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ ವಿರೂಪಾಪುರಗಡ್ಡೆಯ ತಂಗುಮನೆಗಳನ್ನು ಕೆಡವಿದ ಮೇಲೆ ಪ್ರವಾಸಿಗಳು ನಮ್ಮ ಊರಿನ ಕಡೆಗೆ ಹೆಚ್ಚಾಗಿ ತಿರುಗಿದರು. ಹಾಗಾಗಿ ಹಳೆಯ ಮನೆಗಳಿಗೂ ಬೆಲೆ ಬಂತು. ನನ್ನ ಸೋದರಳಿಯನಿಗೂ ಕೆಲಸ ಬಂತು.

ಆ ಕೆಲಸವನ್ನು ಹಗುರವಾಗಿ ಎಣಿಸಬಾರದು. ಕೋಣೆಯಲ್ಲಿ ನಿಂತ ಮನುಷ್ಯನ ಕಣ್ಣಿಗೆ ಒಳಗಿನ ಗೋಡೆಯೂ ಕಾಣುತ್ತದೆ, ಕಿಟಕಿಯ ಆಚೆಯ ಗುಡ್ಡವೂ ಕಾಣುತ್ತದೆ. ಕ್ಯಾಮೆರಾಕ್ಕೆ ಆ ಭಾಗ್ಯವಿಲ್ಲ. ಗೋಡೆಗೆ ಸರಿಯಾಗಿ ತೆಗೆದರೆ ಕಿಟಕಿ ಸುಣ್ಣದಂತೆ ಬೆಳ್ಳಗಾಗುತ್ತದೆ. ಗುಡ್ಡಕ್ಕೆ ಸರಿಯಾಗಿ ತೆಗೆದರೆ ಕೋಣೆ ಗುಹೆಯಾಗುತ್ತದೆ. ಆದುದರಿಂದ ಒಂದೇ ನೋಟವನ್ನು ಕಡಿಮೆ, ನಡು, ಹೆಚ್ಚು ಎಂದು ಮೂರು ಬೆಳಕಿನಲ್ಲಿ ತೆಗೆದು, ಮೂರನ್ನೂ ಕೂಡಿಸಬೇಕು. ಕ್ಯಾಮೆರಾ ತುಸು ಮೇಲಕ್ಕೆ ಬಾಗಿದರೂ ಗೋಡೆಗಳು ಕುಡಿದವರಂತೆ ಒಂದರ ಮೇಲೊಂದು ವಾಲುತ್ತವೆ. ಅವುಗಳನ್ನು ನೆಟ್ಟಗೆ ನಿಲ್ಲಿಸಬೇಕು. ಹಗಲಿನ ಬೆಳಕು ನೀಲಿ, ಬಲ್ಬಿನ ಬೆಳಕು ಹಳದಿ. ಎರಡಕ್ಕೂ ರಾಜಿ ಮಾಡಿಸಬೇಕು. ಇದನ್ನೆಲ್ಲ ಮೊದಲು ಅವನು ಒಂದೊಂದು ಪಟಕ್ಕೂ ಕೈಯಿಂದ ಮಾಡುತ್ತಿದ್ದ. ಪಟಕ್ಕೆ ಹನ್ನೆರಡು ನಿಮಿಷವೆಂದರೂ ನಲವತ್ತು ಪಟಕ್ಕೆ ಎಂಟು ಗಂಟೆ. ಹಗಲೆಲ್ಲ ಬಿಸಿಲಿನಲ್ಲಿ ಅಲೆದು, ರಾತ್ರಿಯೆಲ್ಲ ಕಂಪ್ಯೂಟರಿನ ಮುಂದೆ ಕೂತು, ಕತ್ತಿನ ನೋವು ಹಚ್ಚಿಕೊಂಡಿದ್ದ. ಅವನ ಮಗು ಅಪ್ಪನ ಬೆನ್ನನ್ನು ಕಂಡಷ್ಟು ಮುಖವನ್ನು ಕಂಡಿರಲಿಲ್ಲ.

ಈಗ ಅವನು ಕಂಪ್ಯೂಟರಿಗೆ ಒಂದು ವಿಧಿ ಬರೆದುಕೊಟ್ಟಿದ್ದಾನೆ. ನಮ್ಮ ಮನೆಯ ಹೆಂಗಸರು ಸಾರಿನ ಪುಡಿಗೆ ಅಳತೆ ಬರೆದಿಟ್ಟಂತೆ, ಒಂದು ಸಲ ಬರೆದಿಟ್ಟರಾಯಿತು. ಮೂರು ಬೆಳಕನ್ನು ಕೂಡಿಸು, ಗೋಡೆಯನ್ನು ನೆಟ್ಟಗೆ ನಿಲ್ಲಿಸು, ಬಣ್ಣವನ್ನು ತಿದ್ದು, ನೆಲದ ಮೇಲಿನ ಕಸಕಡ್ಡಿಯನ್ನು ಅಳಿಸು, ಗೋಡೆಯ ಕಲೆಯನ್ನು ಅಳಿಸು, ಕಂಬ, ತಂತಿಗಳನ್ನು ಅಳಿಸು, ಆಕಾಶ ಸಪ್ಪಗಿದ್ದರೆ ಮೋಡವಿರುವ ಆಕಾಶವನ್ನು ಹಾಕು. ಒಟ್ಟು ಏಳು ವಿಧಿ. ಮನೆಯ ಪಟಗಳನ್ನೆಲ್ಲ ಒಂದು ಕಡೆ ಹಾಕಿ ಗುಂಡಿ ಒತ್ತಿದರೆ, ಕೃತಕ ಬುದ್ಧಿ ಎನ್ನುತ್ತಾರಲ್ಲ, ಅದು ಏಳನ್ನೂ ಮಾಡಿ ಮುಗಿಸುತ್ತದೆ. ಅವನು ಈಗ ರಾತ್ರಿ ಊಟಕ್ಕೆ ಹೆಂಡತಿ ಮಗುವಿನ ಜೊತೆ ಕೂಡುತ್ತಾನೆ. ಇದಕ್ಕೆ ಯಾರು ಅಡ್ಡಿ ಹೇಳಿಯಾರು? ಯಂತ್ರವನ್ನು ಹಳಿಯುವವರ ಸಾಲಿಗೆ ನಾನು ಸೇರಿದವನಲ್ಲ. ಒರಳು ಬೀಸುವ ಕಲ್ಲುಗಳನ್ನು ಹೊಗಳುವ ಲೇಖನಗಳನ್ನು ಬರೆದವರು ಬಹುಮಟ್ಟಿಗೆ ಗಂಡಸರು, ಬೀಸಿದವರು ಬೇರೆಯವರು.

ಹೀಗೆ ನಾನು ಸಂತೋಷವಾಗಿಯೇ ಪಟಗಳನ್ನು ನೋಡುತ್ತಿದ್ದೆ. ನಡುಮನೆಯ ಉತ್ತರದ ಗೋಡೆ ಬಂದಾಗ ಮಾತ್ರ ಕೈ ತಡೆಯಿತು. ಆ ಗೋಡೆಯ ಮೇಲೆ ಒಂದು ಆನೆ ಇತ್ತು. ಮಾಳಿಗೆಯಿಂದ ನೀರು ಇಳಿದು ಆದ ಕಲೆ ಅದು. ನಾವು ಹುಡುಗರಾಗಿದ್ದಾಗ ಅದಕ್ಕೆ ಆನೆ ಎಂದು ಹೆಸರಿಟ್ಟಿದ್ದೆವು. ಪ್ರತಿ ಮಳೆಗಾಲಕ್ಕೂ ಅದರ ಸೊಂಡಿಲು ಒಂದು ಗೇಣು ಮುಂದಕ್ಕೆ ಬರುತ್ತಿತ್ತು. ನಮ್ಮ ತಂದೆ ಎಷ್ಟೋ ಸಲ ಸುಣ್ಣ ಬಳಿಸಿದರು. ಶ್ರಾವಣಕ್ಕೆ ಆನೆ ತಿರುಗಿ ಬರುತ್ತಿತ್ತು. ಪಟದಲ್ಲಿ ಆನೆ ಇಲ್ಲ. ಗೋಡೆ ನುಣ್ಣಗೆ ಇದೆ. ಮುಂದಿನ ಪಟದಲ್ಲಿ ಮನೆಯ ಮುಂದಿನ ವಿದ್ಯುತ್ ಕಂಬವೂ ಇಲ್ಲ. ಕಟ್ಟೆಯ ಮೇಲೆ ಹಾದುಹೋಗುವ ನಾಲ್ಕು ತಂತಿಗಳೂ ಇಲ್ಲ.

"ಆನೆಯನ್ನು ಯಾಕಪ್ಪಾ ಓಡಿಸಿದೆ?" ಎಂದೆ.

"ಯಾವ ಆನೆ?" ಎಂದ. ಅವನು ನೋಡಿಯೇ ಇರಲಿಲ್ಲ.

ನಾನು ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ವ್ಯಾಕರಣ ಹೇಳಿದವನು. ಕರ್ಮಣಿ ಪ್ರಯೋಗ ಕನ್ನಡದ ಜಾಯಮಾನಕ್ಕೆ ಒಗ್ಗದು, ಆದಷ್ಟು ಬಿಡಿರಿ ಎಂದು ಹುಡುಗರಿಗೆ ಹೇಳುತ್ತಿದ್ದೆ. 'ಕಲೆಯು ಅಳಿಸಲ್ಪಟ್ಟಿತು' ಎಂದರೆ ಕೇಳಬೇಕಾದ ಪ್ರಶ್ನೆ, ಯಾರಿಂದ? ಈ ಪಟದ ಸಂಗತಿಯಲ್ಲಿ ಆ ಪ್ರಶ್ನೆಗೆ ಉತ್ತರವೇ ಇಲ್ಲ. ಸೋದರಳಿಯ ನನ್ನ ಗೋಡೆಯನ್ನು ನೋಡಿ ಅಳಿಸಲಿಲ್ಲ. ಎರಡು ವರ್ಷದ ಹಿಂದೆ, ಬೇರೆ ಯಾವುದೋ ಮನೆಯ ಗೋಡೆಯಲ್ಲಿ ಮಕ್ಕಳ ಕೈಗುರುತು ಕಂಡು 'ಕಲೆ ಅಳಿಸು' ಎಂದು ಬರೆದಿಟ್ಟ. ಯಂತ್ರಕ್ಕೆ ಕೈಗುರುತೂ ಒಂದೇ, ಸೋರುವ ಮಾಳಿಗೆಯೂ ಒಂದೇ. ನಾನಂತೂ ಅಳಿಸೆಂದು ಹೇಳಲೇ ಇಲ್ಲ. ಹೀಗೆ ಒಂದು ಸುಳ್ಳು ಹುಟ್ಟಿದೆ. ಸುಳ್ಳು ಹೇಳಿದವನು ಮಾತ್ರ ಯಾರೂ ಇಲ್ಲ. ನೀತಿಯ ವಿಷಯದಲ್ಲಿ ನನಗೆ ಇದು ಹೊಸದಾಗಿ ಕಂಡಿತು. ಹಿಂದೆ ಮನುಷ್ಯ ಸುಳ್ಳು ಹೇಳಬೇಕಾದರೆ ಪ್ರತಿ ಸಲವೂ ಮನಸ್ಸನ್ನು ಒಪ್ಪಿಸಬೇಕಾಗಿತ್ತು. ಈಗ ಒಂದು ಸಲ ಒಪ್ಪಿಸಿದರೆ, ಅಥವಾ ಒಪ್ಪಿಸಿದೆನೆಂಬುದನ್ನೇ ಮರೆತರೆ, ಸಾವಿರ ಸಲಕ್ಕೆ ಆಯಿತು.

ಪಟವನ್ನು ತಿದ್ದುವುದೇ ಪಾಪವೆಂದು ನಾನು ಹೇಳುತ್ತಿಲ್ಲ. ತಿದ್ದುವ ಚಾಳಿ ಛಾಯಾಚಿತ್ರದಷ್ಟೇ ಹಳೆಯದು. ಆ ಕಾಲದ ನೆಗೆಟಿವಿಗೆ ನೀಲಿಯ ಮೇಲೆ ಅತಿಯಾದ ಮೋಹ. ಕಟ್ಟಡ ಮೂಡುವಷ್ಟು ಹೊತ್ತು ಬೆಳಕು ಬಿಟ್ಟರೆ ಆಕಾಶ ಬರಿಯ ಬಿಳಿಯಾಗಿ ಹೋಗುತ್ತಿತ್ತು. ಮದರಾಸು ಪ್ರಾಂತದ ಸರಕಾರಿ ಛಾಯಾಗ್ರಾಹಕನಾಗಿದ್ದ ಲಿನೇಯಸ್ ಟ್ರೈಪ್ ತನ್ನ ಕಾಗದದ ನೆಗೆಟಿವುಗಳ ಮೇಲೆ ಬಣ್ಣ ಹಚ್ಚಿ ಮೋಡಗಳನ್ನು ಮೂಡಿಸುತ್ತಿದ್ದ. ಸುಮಾರು ಅದೇ ವರ್ಷಗಳಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿಗೊಂದು, ಆಕಾಶಕ್ಕೊಂದು ಎಂದು ಎರಡು ನೆಗೆಟಿವನ್ನು ಕೂಡಿಸಿ ಒಂದು ಪಟ ಮಾಡಿ ಹೆಸರು ಪಡೆದ. ಅಷ್ಟು ದೂರ ಏಕೆ? ನಮ್ಮ ಊರುಗಳ ಸ್ಟುಡಿಯೋಗಳನ್ನೇ ನೆನೆಯಿರಿ. ಕಿಟಕಿಯ ಪಕ್ಕದಲ್ಲಿ ಇಳಿಜಾರಿನ ಪುಟ್ಟ ಮೇಜು. ಅದರ ಮೇಲೆ ನೆಗೆಟಿವ್. ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲು. ಕನ್ಯೆಯ ಮುಖದ ಮೊಡವೆಗಳನ್ನು ಆ ಪೆನ್ಸಿಲ್ಲಿನಿಂದ ಒಂದೊಂದಾಗಿ ಅಳಿಸುತ್ತಿದ್ದ ಮನುಷ್ಯನನ್ನು ನಾನು ಹುಡುಗನಾಗಿದ್ದಾಗ ಗಂಟೆಗಟ್ಟಲೆ ನಿಂತು ನೋಡಿದ್ದೇನೆ. ಅವನು ಮೊಡವೆಯನ್ನು ಅಳಿಸುತ್ತಿದ್ದ, ಮಚ್ಚೆಯನ್ನು ಮುಟ್ಟುತ್ತಿರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, "ಮೊಡವೆ ಮದುವೆಯ ಹೊತ್ತಿಗೆ ಹೋಗುತ್ತದೆ. ಮಚ್ಚೆ ಹೋಗುವುದಿಲ್ಲ. ಬೀಗರು ಬಂದು ನೋಡುವುದಿಲ್ಲವೆ?" ಎಂದಿದ್ದ.

ಅವನು ಹೆಚ್ಚು ಓದಿದವನಲ್ಲ. ಆದರೆ ಒಂದೊಂದು ಮುಖದ ಮುಂದೆಯೂ ಅರ್ಧ ಗಂಟೆ ಕೂಡುತ್ತಿದ್ದ. ಆ ಅರ್ಧ ಗಂಟೆಯಲ್ಲಿ ಪೆನ್ಸಿಲ್ಲು ಕೆಲಸ ಮಾಡುತ್ತಿರುವಾಗ ಅವನ ಮನಸ್ಸೂ ಕೆಲಸ ಮಾಡುತ್ತಿತ್ತು. ಇದು ಯಾರ ಮುಖ, ನಾಳೆ ಇದನ್ನು ಯಾರು ನೋಡುತ್ತಾರೆ, ಎಲ್ಲಿಗೆ ನಿಲ್ಲಿಸಬೇಕು ಎಂಬ ಪ್ರಶ್ನೆಗಳಿಗೆ ಬೇರೆ ಸಮಯ ಬೇಕಾಗಿರಲಿಲ್ಲ. ಕೆಲಸದ ಸಮಯದಲ್ಲಿಯೇ ಅವೂ ಸೇರಿದ್ದುವು. ಯಂತ್ರ ಆ ಅರ್ಧ ಗಂಟೆಯನ್ನು ಉಳಿಸಿತು ಎನ್ನುತ್ತೇವೆ. ಉಳಿಸಿದ್ದು ನಿಜ. ಆದರೆ ಕೈಯ ಶ್ರಮದ ಜೊತೆಗೆ ಕಣ್ಣಿನ ಕೆಲಸವೂ ಕಟ್ಟಿಕೊಂಡು ಹೋಯಿತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಇನ್ನು ನನ್ನ ತಪ್ಪಿನ ಮಾತು. ಆನೆ ಮಾಯವಾದದ್ದನ್ನು ಕಂಡೂ ನಾನು ಆ ಪಟವನ್ನು ತೆಗೆಸಲಿಲ್ಲ. ಮನೆಯನ್ನು ಮಾರುವುದಿತ್ತು. ತಾನಾಗಿ ಆದದ್ದು ತಾನಾಗಿ ಇರಲಿ ಎಂದುಕೊಂಡೆ. ಒಂದು ವಾರದಲ್ಲಿ ಧಾರವಾಡದ ಕಡೆಯ ನಿವೃತ್ತ ಗೃಹಸ್ಥರೊಬ್ಬರು ಸಂದೇಶ ಕಳುಹಿಸಿದರು. "ಮನೆ ನಮ್ಮ ಮನಸ್ಸಿಗೆ ಬಂದಿದೆ. ನನ್ನ ಹೆಂಡತಿಗೆ ಉಬ್ಬಸ. ಥಂಡಿ ಇಲ್ಲದ ಮನೆ ಬೇಕಾಗಿತ್ತು. ಪಟದಲ್ಲಿ ಗೋಡೆಗಳು ಒಣಗಿ ಚೆನ್ನಾಗಿವೆ. ಮುಂಗಡ ಎಷ್ಟು ಕಳುಹಿಸಲಿ?"

ಆ ರಾತ್ರಿ ನಾನು ಉತ್ತರ ಬರೆಯಲಿಲ್ಲ. ಮನಸ್ಸು ವಕೀಲನಾಯಿತು. ನಾನು ಸುಳ್ಳು ಹೇಳಿಲ್ಲ. ಗೋಡೆ ಒಣಗಿದೆ ಎಂದು ಬರೆದಿಲ್ಲ. ಅವರು ಬಂದು ನೋಡಿಕೊಳ್ಳಬಹುದಲ್ಲ. ಎಲ್ಲರೂ ಹೀಗೆಯೇ ಮಾಡುತ್ತಾರೆ. ಕಾನೂನನ್ನೂ ಜ್ಞಾಪಿಸಿಕೊಂಡೆ. 2016ರ ಸ್ಥಿರಾಸ್ತಿ ನಿಯಂತ್ರಣ ಕಾಯಿದೆಯ 12ನೆಯ ಕಲಮಿನಂತೆ, ಜಾಹೀರಾತಿನ ಸುಳ್ಳನ್ನು ನಂಬಿ ಹಣ ಕೊಟ್ಟು ನಷ್ಟಪಟ್ಟವನಿಗೆ ಪರಿಹಾರ ಕೊಡಬೇಕು. ಆದರೆ ಅದು ಬಡಾವಣೆ, ಬಹುಮಹಡಿ ಕಟ್ಟಿ ಮಾರುವವರಿಗೆ. ಹಳೆಯ ಮನೆ ಮಾರುವ ಮಾಸ್ತರನಿಗಲ್ಲ. ಹಾಗೆಂದು ಸಮಾಧಾನ ಪಡುವಷ್ಟರಲ್ಲಿ ಇನ್ನೊಂದು ನೆನಪಾಯಿತು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮು ಹೇಳುವುದೇನು? ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾರದ ಮುಖ್ಯ ದೋಷ ಮಾರುವವನಿಗೆ ಗೊತ್ತಿದ್ದರೆ, ಅವನೇ ಬಾಯಿಬಿಟ್ಟು ಹೇಳತಕ್ಕದ್ದು. ಕಾಯಿದೆ ಬರೆದವರು ಕೊಳ್ಳುವವನ ಕಣ್ಣನ್ನು ನಂಬಿದ್ದರು. ಅವನು ಬಂದು ಗೋಡೆ ತಟ್ಟಿಯಾನೆಂದು ಎಣಿಸಿದ್ದರು. ಈಗ ಅವನ ಪರವಾಗಿ ಪಟ ನೋಡುತ್ತದೆ. ಪಟದ ಕಣ್ಣನ್ನು ನಾವೇ ಮುಚ್ಚಿದ್ದೇವೆ.

ಬೆಳಿಗ್ಗೆ ಎದ್ದು ಸಾಣಾಪುರಕ್ಕೆ ಹೋದೆ. ಮೇ ತಿಂಗಳ ಬಿಸಿಲು. ಕೆರೆ ತಗ್ಗಿತ್ತು. ಆಕಾಶ ಹಂಚು ಕಾದ ಹಾಗೆ ಬೆಳ್ಳಗಿತ್ತು. ನಮ್ಮ ಕಟ್ಟೆಯ ಮೇಲೆ ಪಕ್ಕದ ಮನೆಯ ಮುದುಕಿ ಕೂತಿದ್ದಳು. ಅವಳಿಗೆ ಪಟ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿ ಹೇಳಿದಳು: "ಈ ಮೋಡಾನ ಕೆರೀ ದಂಡಿ ಮ್ಯಾಗಿನ ಮನಿ ಪಟದಾಗೂ ನೋಡೀನ್ರಿ. ಎಲ್ಲಾರ ಮನಿ ಮ್ಯಾಲೂ ಇದ ಮೋಡ ಐತಿ. ನಮ್ಮ ಹೊಲದ ಮ್ಯಾಲ ಒಂದ್ ತಾಸು ನಿಂತಿದ್ರ ಆಗ್ತಿತ್ತು."

ನಾನು ನಕ್ಕೆ, ಅವಳು ನಗಲಿಲ್ಲ. ಪಟ್ಟಣದವರಿಗೆ ಮೋಡವೆಂದರೆ ಶೃಂಗಾರ. ಮುಗಿಲನ್ನು ನೋಡಿ ಬೀಜ ಚೆಲ್ಲುವವರಿಗೆ ಅದೊಂದು ಮಾತು. ಅದನ್ನು ಕೊಟ್ಟು ಉಳಿಸಿಕೊಳ್ಳದಿದ್ದರೆ ಅವರಿಗೆ ಬೇಸರವಾಗುವುದು ಸಹಜ.

ಆ ಕಟ್ಟೆಯ ಮೇಲೆ ಕೂತೇ ನನಗೆ ಒಂದು ಅಳತೆ ಸಿಕ್ಕಿತು. ಪಟ ತೆಗೆಯುವ ಮುಂಚೆ ಅಂಗಳ ಗುಡಿಸುವುದು ಸುಳ್ಳೆ? ಅಲ್ಲ, ಅದು ಮರ್ಯಾದೆ. ಹಾಗಾದರೆ ಗುಡಿಸಲು ಮರೆತ ಕಸವನ್ನು ಆಮೇಲೆ ಯಂತ್ರ ಗುಡಿಸಿದರೆ ತಪ್ಪಿಲ್ಲ. ಕ್ಯಾಮೆರಾ ತನ್ನ ದೋಷದಿಂದ ಕೋಣೆಯನ್ನು ಕತ್ತಲು ಮಾಡಿದರೆ, ಗೋಡೆಯನ್ನು ವಾಲಿಸಿದರೆ, ಅದನ್ನು ಯಂತ್ರ ತಿದ್ದಿದರೆ ತಪ್ಪಿಲ್ಲ; ಅದು ಸತ್ಯದ ಕಡೆಗೇ ತಿದ್ದಿದಂತೆ. ಆದರೆ ಸೋರುವ ಮಾಳಿಗೆಯನ್ನು ಪೊರಕೆ ಸರಿಮಾಡಲಾರದು, ಗಾರೆಯವನು ಬರಬೇಕು. ಕಂಬವನ್ನು ಕೀಳಲು ವಿದ್ಯುತ್ತಿನವರು ಬರಬೇಕು. ಮೋಡವನ್ನು ತರಲು ದೇವರೇ ಬರಬೇಕು. ಪೊರಕೆಯ ಕೆಲಸವನ್ನು ಯಂತ್ರ ಮಾಡಲಿ. ಗಾರೆಯವನ ಕೆಲಸವನ್ನು ಮಾಡಿದಂತೆ ಅದು ನಟಿಸಬಾರದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2026ರ ಜನವರಿ 1ರಿಂದ ಜಾರಿಗೆ ಬಂದ ಕಾನೂನೂ ಹೆಚ್ಚುಕಡಿಮೆ ಇದೇ ಗೆರೆಯನ್ನು ಎಳೆದಿದೆ: ಬೆಳಕು, ಬಣ್ಣ, ವಾಲಿಕೆಗಳನ್ನು ತಿದ್ದಿದರೆ ಹೇಳಬೇಕಾದ್ದಿಲ್ಲ, ಇದ್ದದ್ದನ್ನು ಅಳಿಸಿದರೆ, ಇಲ್ಲದ್ದನ್ನು ಸೇರಿಸಿದರೆ, ತಿದ್ದಿದೆ ಎಂದು ಹೇಳಿ ಮೂಲ ಪಟವನ್ನೂ ತೋರಿಸಬೇಕು.

ಈ ಅಳತೆಯನ್ನು ಯಂತ್ರಕ್ಕೇ ಕಲಿಸಿಬಿಟ್ಟರಾಯಿತಲ್ಲ ಎಂದು ವಾಚಕರು ಕೇಳಬಹುದು. ಒಂದು ಮಟ್ಟಿಗೆ ಆಗಬಹುದು. ಆದರೆ ಗೋಡೆಯ ಕಪ್ಪು ಮಚ್ಚೆ ಬೇವಿನ ಮರದ ನೆರಳೋ, ಮಕ್ಕಳ ಕೈಗುರುತೋ, ಅರವತ್ತು ವರ್ಷದ ಆನೆಯೋ ಎಂಬುದು ಆ ಮನೆಯಲ್ಲಿ ನಿಂತವನಿಗೆ ಗೊತ್ತು. ಉಬ್ಬಸದ ಹೆಂಗಸೊಬ್ಬಳು ಆ ಗೋಡೆಯ ಪಕ್ಕದಲ್ಲಿ ಮಲಗುವಳೆಂಬುದನ್ನು ಯಂತ್ರ ಹೇಗೆ ನೆನೆದೀತು? ಅದನ್ನು ನೆನೆಯುವ ಕೆಲಸ ನಮ್ಮದು. ಅದಕ್ಕೆ ಒಂದು ನಿಮಿಷವಾದರೂ ನಿಂತು ನೋಡಬೇಕು.

ನೋಡುವುದರಿಂದ ಇನ್ನೊಂದು ಪ್ರಯೋಜನವೂ ಉಂಟು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವುಗಳಲ್ಲಿ ಹಂಪಿಯ ಚಿತ್ರ ತೆಗೆದ. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ, ಆಗ ನಿಂತಿದ್ದುದರಲ್ಲಿ ಈಗ ಯಾವುದು ಉಳಿದಿದೆ, ಯಾವುದು ಬಿದ್ದಿದೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ಬಿರುಕನ್ನು ಬಿರುಕಾಗಿಯೇ ಉಳಿಸಿದ್ದರಿಂದ ಆ ಪಟಗಳು ಸಾಕ್ಷಿಯಾದುವು. ಅದೇ ನದಿಯ ಈಚೆ ದಡದ ನಮ್ಮ ಮನೆಗಳ ಪಟಗಳನ್ನು ನೂರು ವರ್ಷದ ಮೇಲೆ ಯಾರಾದರೂ ತೆಗೆದು ನೋಡಿದರೆ, ಸಾಣಾಪುರದಲ್ಲಿ ವಿದ್ಯುತ್ತೇ ಇರಲಿಲ್ಲ, ಗೋಡೆಗಳು ಸೋರುತ್ತಿರಲಿಲ್ಲ, ವರ್ಷವಿಡೀ ಒಂದೇ ಮೋಡವಿತ್ತು ಎಂದುಕೊಂಡಾರು.

ಧಾರವಾಡದವರಿಗೆ ಅಲ್ಲಿಂದಲೇ ತಿದ್ದದ ಪಟ ಕಳುಹಿಸಿದೆ. ಕೆಳಗೆ ಬರೆದೆ: "ಉತ್ತರದ ಗೋಡೆಗೆ ಮಳೆಗಾಲದಲ್ಲಿ ನೀರು ಇಳಿಯುತ್ತದೆ. ಮೊದಲಿನ ಪಟದಲ್ಲಿ ಅದು ಕಾಣುತ್ತಿರಲಿಲ್ಲ. ಅದು ಕಾಣುತ್ತಿಲ್ಲವೆಂದು ನನಗೆ ಗೊತ್ತಿತ್ತು." ಕಡೆಯ ವಾಕ್ಯವನ್ನು ಬರೆಯಲು ಬಹಳ ಹೊತ್ತು ಹಿಡಿಯಿತು. ಅವರು ಸೌಜನ್ಯದಿಂದ ಉತ್ತರ ಬರೆದರು, ಮನೆ ಬೇಡವೆಂದರು. ಅಣ್ಣ ನನ್ನ ಮೇಲೆ ಸಿಟ್ಟಾಗಿದ್ದಾನೆ. ಮಾಳಿಗೆಗೆ ಗಾರೆಯವನು ಕೇಳಿದ ಹಣ ಸಣ್ಣದಲ್ಲ.

ಸೋದರಳಿಯ ತನ್ನ ಏಳು ವಿಧಿಗಳಲ್ಲಿ ಕಡೆಯ ಮೂರನ್ನು ತೆಗೆದುಹಾಕಿದ್ದಾನೆ. ನಾಲ್ಕನ್ನು ಯಂತ್ರ ಮಾಡುತ್ತದೆ. ಆಮೇಲೆ ನಲವತ್ತು ಪಟಗಳನ್ನೂ ಅವನೇ ಒಂದೊಂದಾಗಿ ನೋಡುತ್ತಾನೆ. ಮನೆಯೊಂದಕ್ಕೆ ಅರ್ಧ ಗಂಟೆ ಹೆಚ್ಚು. "ಪಕ್ಕದ ಅಂಗಡಿಯವನು ನೋಡುವುದಿಲ್ಲ ಮಾವ, ಅದಕ್ಕೇ ಅವನ ದರ ಕಡಿಮೆ. ನನ್ನ ಅರ್ಧ ಗಂಟೆಗೆ ಯಾರು ಹಣ ಕೊಡುತ್ತಾರೆ?" ಎಂದು ಕೇಳುತ್ತಾನೆ. ನ್ಯಾಯವಾದ ಪ್ರಶ್ನೆ. ಕೊಳ್ಳುವವರೂ ಮಾರುವವರೂ ಸೇರಿ ಕೊಡಬೇಕೆಂದು ನನಗೆ ತೋರುತ್ತದೆ. ಆದರೆ ಇದುವರೆಗೆ ಕೊಡುತ್ತಿರುವವನು ಅವನೊಬ್ಬನೇ. ಮುಂದಿನ ವಾರ ಗಾರೆಯವನು ಬರುತ್ತಾನೆ. ಕೆಲಸ ಮುಗಿದ ಮೇಲೆ ಆ ಗೋಡೆಯ ಪಟ ಇನ್ನೊಮ್ಮೆ ತೆಗೆಯಲು ಹೇಳಿದ್ದೇನೆ. ಈ ಸಲ ಆ ಅರ್ಧ ಗಂಟೆಯ ಹಣವನ್ನೂ ಸೇರಿಸಿ ಕೊಡುತ್ತೇನೆ.